ಉಲ್ಟಾ ತಿರುಪಿನ ಮುಚ್ಚಳ

ಕೊ ತ್ಯನ್‌ಷೆಂಗ್‌ನ ಪಾಲಿಗೆ ಲೋಕದಲ್ಲಿ ಇದ್ದದ್ದು ಎರಡೇ ಜಾತಿ. ಅಳತೆಗೆ ಕೂರುವುದು ಒಂದು, ಕೂರದೇ ಇರುವುದು ಇನ್ನೊಂದು. ಮನುಷ್ಯರನ್ನೂ ಅವನು ಹಾಗೇ ತೂಗುತ್ತಿದ್ದ. ಸಾನ್‌ಚುಂಗ್ ಪೇಟೆಯ ಓಣಿಯೊಂದರಲ್ಲಿ, ಮನೆಯ ಕೆಳಗಿನ ಷಟರ್ ಹಿಂದೆ, ಒಂದೇ ಲೇತ್ ಮುಂದೆ ಮೂವತ್ತೆಂಟು ವರ್ಷ ನಿಂತು ಮೀನುದೋಣಿಗಳ ಪಂಪಿಗೆ ಬಿಡಿಭಾಗ ಕಡೆದುಕೊಟ್ಟವನು. ತಾನು ಮಾಡಿದ ಸಾಮಾನಿನ ಬಗ್ಗೆ ಒಂದು ಮಾತು ಹೆಚ್ಚಿಗೆ ಆಡಿದವನಲ್ಲ. ಗಿರಾಕಿ ಏನಾದರೂ ಕೇಳಿದರೆ, "ತಗೊಂಡ್ಹೋಗಿ ಹಾಕ್ನೋಡು. ಕೂರ್ಲಿಲ್ಲ ಅಂದ್ರೆ ತಪ್ಪು ನಂದು, ವಾಪಸ್ ತಂದ್ಕೊಡು" ಅನ್ನುತ್ತಿದ್ದ. ಹಾಗೆ ವಾಪಸು ಬಂದದ್ದು ಅಷ್ಟು ವರ್ಷಕ್ಕೆ ನಾಲ್ಕೋ ಐದೋ ಸಲ. ಬಂದ ದಿನ ಅವನು ಅನ್ನದ ಬಟ್ಟಲು ಮುಟ್ಟುತ್ತಿರಲಿಲ್ಲ.

ಇಂಥವನಿಗೆ ಒಬ್ಬಳೇ ಮಗಳು, ಪೆಯ್‌ಯುನ್. ತಾಯಿಯಿಲ್ಲದೆ ಬೆಳೆದವಳು. ಏಳು ವರ್ಷದವಳಿದ್ದಾಗ ಪಕ್ಕದ ಮನೆ ಮಕ್ಕಳು ತನ್ನ ಕಡಲೆಕಾಯಿ ಮಿಠಾಯಿ ಕದಿಯುತ್ತಾರೆಂದು ಅತ್ತಾಗ ಅಪ್ಪ ಒಂದು ಹಿತ್ತಾಳೆ ಡಬ್ಬಿ ಕಡೆದುಕೊಟ್ಟ. ಅದರ ಮುಚ್ಚಳದ ತಿರುಪು ಉಲ್ಟಾ. ಊರೆಲ್ಲ ಯಾವ ಕಡೆಗೆ ತಿರುಗಿಸಿ ಬಿಚ್ಚುತ್ತದೋ ಆ ಕಡೆಗೆ ತಿರುಗಿಸಿದರೆ ಅದು ಇನ್ನಷ್ಟು ಬಿಗಿಯುತ್ತಿತ್ತು. ಪಕ್ಕದ ಮನೆ ಕಳ್ಳರು ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಿದರು, ಒಬ್ಬ ಹಲ್ಲು ಹಾಕಿ ಹಲ್ಲನ್ನೇ ಅಲ್ಲಾಡಿಸಿಕೊಂಡ. "ಊರೋರಿಗೆಲ್ಲ ಒಂದ್ಕಡೆ, ನಮ್ ಪುಟ್ಟಿಗೆ ಇನ್ನೊಂದ್ಕಡೆ" ಎಂದು ಅಪ್ಪ ಬಿದ್ದು ಬಿದ್ದು ನಕ್ಕ. ಹುಡುಗಿ ದೊಡ್ಡವಳಾದಳು. ಡಬ್ಬಿ ಎಲ್ಲಿ ಹೋಯಿತೋ ಯಾರಿಗೆ ಗೊತ್ತು.

ಈಗ ಅವಳಿಗೆ ಇಪ್ಪತ್ತೊಂಬತ್ತು. ಹೊಳೆಯಾಚೆ ಕಂಪ್ಯೂಟರ್ ಮಾರುಕಟ್ಟೆಯಲ್ಲಿ ಕೆಲಸ. ಗಿರಾಕಿಗಳಿಗೆ ನೂರಾರು ಕಂಪ್ಯೂಟರ್ ಜೋಡಿಸಿಕೊಟ್ಟಿದ್ದಳು, ಎಲ್ಲವೂ ಫ್ಯಾನಿನ ಗಾಳಿಗೆ ತಣಿಯುವಂಥವು. ಸಂಜೆ ಊಟ ಮುಗಿಸಿ ತನ್ನ ಯಂತ್ರದಲ್ಲಿ ಬೆಟ್ಟದ ದಾರಿಯ ಕಾರ್ ರೇಸ್ ಆಡಲು ಕೂತರೆ ಹಿಂದೆ ಸ್ಟೂಲ್ ಹಾಕಿಕೊಂಡು ಅಪ್ಪ ಹಾಜರು. "ತಿರುವು ಬಂತು, ತಿರುವು! ಕಣ್ಣೇನು ಅಂಗಡೀಲಿ ಬಿಟ್ಬಂದ್ಯಾ?" ಎಂದು ಕೂಗುತ್ತಿದ್ದ. ಆಟ ರಂಗೇರಿ ಫ್ಯಾನುಗಳು ಭೋರ್ಗರೆದರೆ, "ಇದೇನೇ ಇದು, ಕಂಪ್ಯೂಟ್ರೋ ಅಕ್ಕಿ ಗಿರಣಿಯೋ?" ಅಪ್ಪ ಮಗಳು ಒಟ್ಟಿಗೆ ಕೂರುತ್ತಿದ್ದ ಹೊತ್ತು ದಿನಕ್ಕೆ ಅದೊಂದೇ.

ಆ ವರ್ಷ ಅಪ್ಪನ ಲಿವರಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಚಂದ್ರನ ಹಬ್ಬ ದಾಟುವುದು ಕಷ್ಟ ಎಂದರು ಡಾಕ್ಟರು. ಮಾತ್ರೆ ಶುರುವಾದ ಮೇಲೆ ಅವನಿಗೆ ಗದ್ದಲ ಆಗದು, ತಲೆ ಸಿಡಿಯುತ್ತದೆ. ಆದರೂ ಸ್ಟೂಲು ಬಿಡಲೊಲ್ಲ. ಹಣೆ ಒತ್ತಿಕೊಂಡು ಕೂತೇ ಇರುತ್ತಿದ್ದ. ನೋಡಲಾಗದೆ ಪೆಯ್‌ಯುನ್ ತೀರ್ಮಾನಿಸಿದಳು: ಸದ್ದೇ ಇಲ್ಲದ, ನೀರಿನಿಂದ ತಣಿಯುವ ಯಂತ್ರ ಕಟ್ಟಬೇಕು. ಜೀವನದಲ್ಲಿ ಮೊದಲ ಸಲ.

"ಕರೆಂಟಿನ ಸಾಮಾನಿಗೆ ನೀರಾ? ಯಾವ ಬೃಹಸ್ಪತಿ ಹೇಳ್ಕೊಟ್ಟ ನಿಂಗೆ?" ಎಂದ ಅಪ್ಪ.

"ನೀರು ಕರೆಂಟಿಗೆ ಎಲ್ಲೂ ತಾಗಲ್ಲಪ್ಪ. ಬಿಸಿ ಆಗೋ ಚಿಪ್ಪಿನ ಮೇಲೆ ತಾಮ್ರದ ತುಂಡು ಕೂರುತ್ತೆ. ಅದ್ರೊಳಗೆ ನೀರು ಹರಿದು ಬಿಸಿ ಹೊತ್ಕೊಂಡು ರೇಡಿಯೇಟರಿಗೆ ಹೋಗುತ್ತೆ. ಅಲ್ಲಿ ತಣ್ಣಗಾಗಿ ಟ್ಯಾಂಕಿಗೆ, ಟ್ಯಾಂಕಿಂದ ಪಂಪಿಗೆ, ಮತ್ತೆ ಮೊದಲಿಗೆ."

"ಅಂದ್ರೆ ದೋಣಿ ಇಂಜಿನ್ನು." ಅಪ್ಪನ ಕಣ್ಣು ಹೊಳೆಯಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ಮಗಳ ಕಸುಬೂ ಅವನ ಕಸುಬೂ ಒಂದೇ ಮೇಜಿನ ಮೇಲೆ ಬಂದದ್ದು ಅದೇ ಮೊದಲು. "ಟ್ಯಾಂಕು ನಾನ್ ಮಾಡ್ತೀನಿ."

"ನಿನ್ ಕೈಲಿ ಆಗುತ್ತೇನಪ್ಪ ಈಗ?"

"ಅಹಾಯ್ ಬರ್ತಾನೆ, ಎತ್ತಿ ಇಳಿಸೋಕೆ. ನಂಗೆ ಅಳತೆ ಕೊಡು ಸಾಕು." ಹಾಗೇ ಕೇಳಿದ: "ಉಳಿದದ್ದೆಲ್ಲ ಯಾವ ಲೋಹ?"

"ತಾಮ್ರ."

"ಹೂಂ." ಆಮೇಲೆ ಗೋಡೆ ಕಡೆ ನೋಡುತ್ತ ಹೇಳಿದ: "ನನ್ ಕೈಯಿಂದ ಆಗೋ ಕೊನೇ ಸಾಮಾನು ಪುಟ್ಟಿ. ಅದು ಕೂತು ಓಡೋದನ್ನ ನಾನು ಕಣ್ಣಾರೆ ನೋಡ್ಬೇಕು."

ಅವಳು ಆಗಲಿ ಎಂದಳು. ಇನ್ನೇನು ಅನ್ನುತ್ತಾಳೆ? ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು.

ಅಹಾಯ್ ಎಂದರೆ ಪಕ್ಕದ ಓಣಿಯ ಮುದುಕ, ಅಪ್ಪನ ಹಳೇ ಜೊತೆಗಾರ. ಅವನು ಹನ್ನೊಂದು ದಿನ ಬೆಳಿಗ್ಗೆ ಬಂದು ಷಟರ್ ಎತ್ತಿದ. ದಿನಕ್ಕೆ ಒಂದು ಗಂಟೆ ಕೆಲಸ, ಆಮೇಲೆ ಅಪ್ಪ ಬೆವರಿ ಹಾಸಿಗೆಗೆ. ಆ ದಿನಗಳಲ್ಲೇ ಒಮ್ಮೆ ಅವನು ಚಹಾಕ್ಕೆ ಉಪ್ಪು ಹಾಕಿಕೊಂಡು ಕುಡಿದ. ಮಾತ್ರೆ ತಲೆಗೇರಿದೆ ಎಂದು ಮಗಳು ಬಚ್ಚಲಿಗೆ ಹೋಗಿ ಅತ್ತಳು.

ಹನ್ನೆರಡನೇ ದಿನ ಅಪ್ಪ ಕೆಂಪು ಕಾಗದದ ಪೊಟ್ಟಣ ಕೊಟ್ಟ. ಬಿಚ್ಚಿದರೆ ಕೊಳಗದಂಥ ಪುಟ್ಟ ಟ್ಯಾಂಕು, ಕನ್ನಡಿಯಂತೆ ಹೊಳಪು, ಅಂಚಿನಲ್ಲಿ ಒಂದು ಗೀರಿಲ್ಲ. ಆದರೆ ಅಲ್ಯೂಮಿನಿಯಂ! ನೀರಿನ ಯಂತ್ರ ಕಟ್ಟುವವರು ಮೊದಲ ದಿನ ಕಲಿಯುವ ಪಾಠವೇ ಅದು. ಒಂದೇ ನೀರಿಗೆ ತಾಮ್ರವೂ ಅಲ್ಯೂಮಿನಿಯಮ್ಮೂ ಬಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಕೆಲವೇ ತಿಂಗಳಲ್ಲಿ ಬಿಳೀ ರಾಡಿ ಎದ್ದು ಎಲ್ಲ ಕಟ್ಟಿಕೊಳ್ಳುತ್ತದೆ. ತಾಮ್ರ ಅಂತ ಹೇಳಿದ್ದೆನಲ್ಲ, ಮರೆತುಬಿಟ್ಟಿದ್ದಾನೆ ಅಂದುಕೊಂಡಳು.

"ಹೆಂಗಿದೆ?"

"ತುಂಬಾ ಚೆನ್ನಾಗಿದೆ ಅಪ್ಪ."

"ಒಳಗೆ..." ಎಂದು ಅಪ್ಪ ಏನೋ ಹೇಳಹೊರಟ. ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಕೈ ಬೀಸಿ, "ಹೋಗ್ಲಿ ಬಿಡು, ಹಾಕ್ನೋಡು" ಎಂದ.

ಮೇಲೆ ಹೋಗಿ ಅವಳು ಮುಚ್ಚಳ ಬಿಚ್ಚಲು ನೋಡಿದಳು. ಜಪ್ಪಯ್ಯ ಅಂದರೂ ಕದಲಲಿಲ್ಲ. ಬಟ್ಟೆ ಸುತ್ತಿ ಹಿಡಿದು ತಿರುಗಿಸಿದಳು, ಇನ್ನೂ ಬಿಗಿಯಾಯಿತು. ನೀರಿನ ತೂತಿಗೆ ಕಣ್ಣಿಟ್ಟರೆ ಬರೀ ಕತ್ತಲೆ. ಪಾಪ, ತಿರುಪೂ ಕಚ್ಚಿಕೊಳ್ಳುವ ಹಾಗೆ ಕಡೆದಿದ್ದಾನೆ, ಕೈ ಸೋತಿದೆ ಎಂದುಕೊಂಡಳು. ಅಯ್ಯೋ ಹುಡುಗಿ! ಅಪ್ಪನ ಕೈ ನೋಡಬೇಕಾದಲ್ಲಿ ಅಪ್ಪನ ಕಾಯಿಲೆ ನೋಡಿದೆಯಲ್ಲ. ಆದರೆ ಅವಳನ್ನು ಬೈದು ಏನು ಬಂತು? ಆರು ತಿಂಗಳಿಂದ ಅವಳ ಕಣ್ಣಿಗೆ ಬೇರೇನೂ ಬಿದ್ದಿರಲಿಲ್ಲ.

ಹೇಳಿದರೆ ಅಪ್ಪ ಮತ್ತೆ ಲೇತ್ ಹತ್ತುತ್ತಾನೆ, ಆ ಶಕ್ತಿ ಅವನಿಗಿಲ್ಲ. ಹೇಳದೆ ಹಾಕಿದರೆ ಯಂತ್ರ ಹಾಳು. ಮೂರು ದಿನ ಯೋಚಿಸಿ ಮಾರುಕಟ್ಟೆಯಿಂದ ಒಂದು ಗಾಜಿನ ಟ್ಯಾಂಕು ತಂದಳು.

ಕಟ್ಟುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಪಾರದರ್ಶಕ ಕೊಳವೆಗೆ ಬಿಸಿಗಾಳಿ ಊದಿ ಬಗ್ಗಿಸಬೇಕು. ಹೆಚ್ಚು ಕಾದರೆ ಗುಳ್ಳೆ, ಕಡಿಮೆ ಕಾದರೆ ಮಡಿಕೆ. ಐದು ಕೊಳವೆ ಕೆಟ್ಟವು. ಮಲಗಿದ್ದಲ್ಲಿಂದಲೇ ಅಪ್ಪ, "ಆತುರಗಾರಿ! ಕೊಳವೆ ತಾನಾಗೇ ಬಾಗ್ಬೇಕು ಕಣೇ, ನೀನು ಬಗ್ಗಿಸ್ಬಾರ್ದು" ಎಂದು ಕೂಗುತ್ತಿದ್ದ. ಆರನೆಯದು ಬಾಗಿತು. ನೀರು ತುಂಬಿ, ಪಂಪಿಗೆ ಮಾತ್ರ ಕರೆಂಟು ಕೊಟ್ಟು, ಪ್ರತಿ ಜೋಡಣೆಯ ಕೆಳಗೆ ಕಾಗದದ ಕರವಸ್ತ್ರ ಹಾಸಿ, ಒಂದಿಡೀ ದಿನ ಕಾದಳು. ಒಂದು ಹನಿ ಬೀಳಲಿಲ್ಲ.

ಭಾನುವಾರ ಮಧ್ಯಾಹ್ನ ಅಹಾಯ್ ಅಪ್ಪನನ್ನು ಹಿಡಿದು ತಂದು ಸ್ಟೂಲಿನ ಮೇಲೆ ಕೂರಿಸಿ, ಮನೆಗೆ ಹೋದ. ಅಪ್ಪ ಮೊದಲು ಕೇಳಿದ್ದು, "ಹಸಿರು ಪೊಟ್ಟಣ ಎಲ್ಲಿ?" ಯಂತ್ರ ಹೇಳಿದ ಮಾತು ಕೇಳಲಿ ಎಂದು ಅದರ ಮೇಲೆ ಹಸಿರು ಪೊಟ್ಟಣದ ಕುರುಕಲು ಇಡದಿದ್ದರೆ ನಮ್ಮಲ್ಲಿ ಸ್ವಿಚ್ ಯಾರು ಒತ್ತುತ್ತಾರೆ? ಅವಳು ಇಟ್ಟಳು. ಅಪ್ಪ ಅದನ್ನೆತ್ತಿ, ಕನ್ನಡಕವಿಲ್ಲದೆ, ಮೂಲೆಯ ಪುಟ್ಟ ಅಕ್ಷರ ಓದಿ, "ತಾರೀಕು ಮೀರಿಲ್ಲ, ಸರಿ" ಎಂದು ವಾಪಸ್ಸಿಟ್ಟ. ಚಹಾದ ಉಪ್ಪು ನೆನಪಿಟ್ಟುಕೊಂಡವಳು ಇದನ್ನು ಗಮನಿಸಲಿಲ್ಲ.

ಅವಳು ಸ್ವಿಚ್ ಒತ್ತಿದಳು. ನೀಲಿ ನೀರು ಗಾಜಿನ ಟ್ಯಾಂಕಿನಲ್ಲಿ ಸುತ್ತಿತು. ಸದ್ದೇ ಇಲ್ಲ. ಅಪ್ಪನ ಕಣ್ಣು ತಾಮ್ರದ ತುಂಡಿನಿಂದ ರೇಡಿಯೇಟರಿಗೆ, ರೇಡಿಯೇಟರಿನಿಂದ ಗಾಜಿಗೆ ಹೋಗಿ ಅಲ್ಲೇ ನಿಂತಿತು.

"ಕೂರ್ಲಿಲ್ವಾ?" ಎಂದ.

"ಹಾಗಲ್ಲಪ್ಪ." ಕಲಿತಿಟ್ಟುಕೊಂಡಿದ್ದ ಸುಳ್ಳು ನಾಲಿಗೆಗೆ ಬಂತು. "ಮೊದಲ್ನೇ ಸಲ ಅಲ್ವಾ, ನನ್ ಕೈಲಿ ಎಲ್ಲಾದ್ರೂ ಕೆಟ್ಟೋದ್ರೆ? ನಿಂದನ್ನ ಜೋಪಾನವಾಗಿ ಎತ್ತಿಟ್ಟಿದೀನಿ. ಮುಂದಿನ ಸಲಕ್ಕೆ."

ಅಪ್ಪ ಅವಳನ್ನೇ ನೋಡಿದ. "ಹೌದಾ. ಸರಿ. ಗಾಜಿಂದೂ ಚೆನ್ನಾಗಿದೆ, ನೀರು ಕಾಣುತ್ತೆ." ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಒತ್ತಿ ಸ್ವಲ್ಪ ಹೊತ್ತು ಹಿಡಿದ. "ಅಕ್ಕಿ ಗಿರಣಿ ಮುಚ್ಚೋಯ್ತು. ಬೆಟ್ಟದ ದಾರಿ ಹಾಕು, ನೋಡೋಣ."

ಅವಳು ಕಾರು ಓಡಿಸಿದಳು. ಒಂದು ತಿರುವಿನಲ್ಲಿ ಬೇಕೆಂದೇ ಕಂಬಿಗೆ ಗುದ್ದಿದಳು, ಬೈಯಲಿ ಎಂದು. ಅಪ್ಪ ಬೈಯಲಿಲ್ಲ.

ಅದಾಗಿ ಒಂಬತ್ತನೇ ದಿನ ಅವನು ಹೋದ. ಚಂದ್ರನ ಹಬ್ಬಕ್ಕೆ ಇನ್ನೂ ನಾಲ್ಕು ದಿನವಿತ್ತು.

ಏಳು ಏಳರ ನಲವತ್ತೊಂಬತ್ತು ದಿನದ ಕರ್ಮ ಮುಗಿದ ಮಾರನೇ ಬೆಳಿಗ್ಗೆ ಅಹಾಯ್ ಲೇತಿಗೆ ಎಣ್ಣೆ ಹಚ್ಚಿ ಮುಚ್ಚಿಡಲು ಬಂದ. ಊದುಬತ್ತಿ ಹಚ್ಚಲು ಪೂಜೆಯ ಕಟ್ಟೆಗೆ ಹೋದವನು ಗಕ್ಕನೆ ನಿಂತ. ಅಪ್ಪನ ಫೋಟೋ ಪಕ್ಕದಲ್ಲಿ ಟ್ಯಾಂಕು ಇತ್ತು.

"ನಿಜವಾಗ್ಲೂ ಕೂರ್ಲಿಲ್ಲ ಅನ್ನು" ಎಂದ ಮುದುಕ, ನಿಟ್ಟುಸಿರು ಬಿಟ್ಟು. "ಎಷ್ಟು ತಪ್ಪಿತ್ತು?"

"ಅಳತೆ ತಪ್ಪಿರ್ಲಿಲ್ಲ ಚಿಕ್ಕಪ್ಪ." ಪೆಯ್‌ಯುನ್ ಮೊದಲ ಸಲ ಯಾರಿಗಾದರೂ ನಿಜ ಹೇಳಿದಳು. ತಾಮ್ರ, ಅಲ್ಯೂಮಿನಿಯಂ, ಬಿಳೀ ರಾಡಿ, ಕಚ್ಚಿಕೊಂಡ ಮುಚ್ಚಳ. "ಅಪ್ಪಂಗೆ ಆಗ ನೆನಪು ಕೈ ಕೊಡ್ತಿತ್ತು. ಬೇಜಾರಾಗ್ಬಾರ್ದು ಅಂತ ಹೇಳ್ಲಿಲ್ಲ."

ಅಹಾಯ್ ಟ್ಯಾಂಕನ್ನು ಕೈಗೆತ್ತಿಕೊಂಡು, ಮುಚ್ಚಳವನ್ನು ಎರಡು ಬೆರಳಲ್ಲಿ ಹಿಡಿದು, ಉಲ್ಟಾ ತಿರುಗಿಸಿದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಹಗುರವಾಗಿ ಬಿಚ್ಚಿಕೊಂಡಿತು.

ಒಳಗೆ ಅಲ್ಯೂಮಿನಿಯಂ ಕಾಣಲೇ ಇಲ್ಲ. ಮೇಲಿಂದ ಕೆಳಗಿನವರೆಗೆ ದಪ್ಪನೆಯ ಕಪ್ಪು ಪ್ಲಾಸ್ಟಿಕ್ಕಿನ ಇನ್ನೊಂದು ಡಬ್ಬಿ, ಗೋಡೆಗೆ ಗಾಳಿ ಹೋಗದಂತೆ ಕೂತಿತ್ತು. ಮುಚ್ಚಳದ ಒಳಮೈಗೂ, ನೀರಿನ ತೂತುಗಳಿಗೂ ಅದೇ ಪ್ಲಾಸ್ಟಿಕ್ಕು, ಅಂಚಿಗೆ ರಬ್ಬರ್ ಬಳೆ. ನೀರು ಎಲ್ಲೂ ಲೋಹಕ್ಕೆ ತಾಗುವಂತಿರಲಿಲ್ಲ.

"ಅಜ್ಜಿಗೇ ಕೆಮ್ಮು ಕಲಿಸೋಕೆ ಹೋದ್ಯಲ್ಲೇ ತಾಯಿ" ಎಂದ ಅಹಾಯ್. ಬೈಯಲೆಂದು ಶುರು ಮಾಡಿದ ದನಿ ಅರ್ಧಕ್ಕೇ ಒಡೆಯಿತು. "ಉಪ್ಪುನೀರಿನ ಪಂಪು ಕಡೆದ ಮನುಷ್ಯ ಅವನು. ಯಾವ ಲೋಹ ಯಾವುದನ್ನ ತಿನ್ನುತ್ತೆ ಅಂತ ಅವನಿಗೆ ಗೊತ್ತಿರಲ್ವಾ? ಹಿತ್ತಾಳೆ ಎತ್ತಿ ಹಿಡಿಯೋಕೆ ತೋಳಲ್ಲಿ ಕಸುವಿರ್ಲಿಲ್ಲ, ಅದಕ್ಕೆ ಹಗುರದ್ದು ತಗೊಂಡ. ಒಳಗಿಂದು ಮಾಡೋಕೇ ಏಳು ದಿನ ಆಯ್ತು. ಮುಚ್ಚಳ ಉಲ್ಟಾ ಯಾಕೋ ಅಂದ್ರೆ, ನಮ್ ಪುಟ್ಟಿಗೆ ಗೊತ್ತಾಗುತ್ತೆ ಬಿಡು ಅಂತ ನಗ್ತಿದ್ದ."

ಪೆಯ್‌ಯುನ್‌ಗೆ ಕಡಲೆಕಾಯಿ ಮಿಠಾಯಿಯ ಹಿತ್ತಾಳೆ ಡಬ್ಬಿ ಕಣ್ಣ ಮುಂದೆ ಬಂದು ನಿಂತಿತು.

"ಆ ಭಾನುವಾರ ಆದ್ಮೇಲೆ..." ಅಹಾಯ್ ನಿಲ್ಲಿಸಿದ.

"ಹೇಳಿ ಚಿಕ್ಕಪ್ಪ."

"ಹೇಳ್ಬಾರ್ದು ಅಂದ್ಕೊಂಡಿದ್ದೆ. ಮಾರನೇ ದಿನ ನನ್ ಕೈಲಿ ಅಳತೆಕಡ್ಡಿ ತರಿಸ್ಕೊಂಡ. ನೀನು ಬರೆದುಕೊಟ್ಟ ಚೀಟಿ ದಿಂಬಿನ ಕೆಳಗಿತ್ತಲ್ಲ, ಅದನ್ನ ಹಿಡ್ಕೊಂಡು ಟ್ಯಾಂಕು ಕಡೆದು ಉಳಿದ ತುಂಡುಗಳನ್ನೆಲ್ಲ ಅಳೆದ, ಮತ್ತೆ ಅಳೆದ. ಎಲ್ಲಿ ತಪ್ಪಿದೀನಿ ನೋಡೋ, ನನ್ ಕಣ್ಣಿಗೆ ಕಾಣ್ತಿಲ್ಲ ಅಂತ ನನ್ನ ಕೇಳ್ತಿದ್ದ. ನೀನು ಕೆಲಸಕ್ಕೆ ಹೋದ್ಮೇಲೆ, ದಿನಾ. ಪುಟ್ಟಿ ಪಾಪ, ನಂಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳ್ತಾಳೆ ಅಂದ."

ಆ ಎಂಟು ದಿನ ಅಪ್ಪ ಅನ್ನ ಮುಟ್ಟಿರಲಿಲ್ಲ. ರೋಗ ಜೋರಾಯಿತು ಎಂದು ಅವಳು ತಿಳಿದಿದ್ದಳು, ಡಾಕ್ಟರೂ ಹಾಗೇ ಅಂದಿದ್ದರು. ರೋಗವೂ ಇದ್ದೀತು. ಅವಳು ಎದೆ ಎದೆ ಬಡಿದುಕೊಂಡು ಅತ್ತಳು, ದಹನದ ದಿನವೂ ಹಾಗೆ ಅತ್ತಿರಲಿಲ್ಲ. ಅಹಾಯ್ ತಡೆಯಲಿಲ್ಲ. ಕೆಳಗೆ ಹೋಗಿ ಲೇತಿಗೆ ಎಣ್ಣೆ ಹಚ್ಚುತ್ತ ಕೂತ.

ಅವಳು ಆ ದಿನ ಅಂಗಡಿಗೆ ಹೋಗಲಿಲ್ಲ. ಯಂತ್ರದ ನೀಲಿ ನೀರನ್ನು ಬಕೆಟ್ಟಿಗೆ ಇಳಿಸಿ, ಗಾಜಿನ ಟ್ಯಾಂಕು ಬಿಚ್ಚಿ, ಅಪ್ಪನದನ್ನು ಪಂಪಿನ ಬಾಯಿಗೆ ಇಟ್ಟಳು. ಒತ್ತಬೇಕಾಗಲಿಲ್ಲ. ತಾನಾಗೇ ಇಳಿದು ಕೂತಿತು. ಕೊಳವೆಗಳನ್ನು ಮತ್ತೆ ಬಗ್ಗಿಸಬೇಕಾದೀತು ಎಂದುಕೊಂಡಿದ್ದಳು, ಅದೂ ಬೇಕಾಗಲಿಲ್ಲ. ಗಾಜಿನದೂ ಇದೂ ಒಂದೇ ಅಳತೆ, ಅವಳೇ ಚೀಟಿಯಲ್ಲಿ ಬರೆದುಕೊಟ್ಟ ಅಳತೆ. ನೀರು ತುಂಬಿ ಮುಚ್ಚಳವನ್ನು ಉಲ್ಟಾ ತಿರುಗಿಸಿ ಬಿಗಿದಳು. ಕಾಗದದ ಕರವಸ್ತ್ರ ಹಾಸಿ ಒಂದಿಡೀ ದಿನ ಕಾದಳು. ಎಲ್ಲವೂ ಒಣಗಿಯೇ ಇದ್ದವು.

ಮಾರನೇ ದಿನ ಮಧ್ಯಾಹ್ನ ಯಂತ್ರ ಹಾಕಿದಳು. ಟ್ಯಾಂಕಿಗೆ ಅಂಗೈ ಒತ್ತಿದಾಗ ಒಳಗೆ ನೀರು ಓಡುತ್ತಿರುವುದು ಗೊತ್ತಾಯಿತು, ಕಿವಿಗೆ ಮಾತ್ರ ಏನೂ ಕೇಳಲಿಲ್ಲ. ಹಿಂದೆ ಸ್ಟೂಲು ಇದ್ದಲ್ಲೇ ಇತ್ತು.

"ಕೂತಿದೆ ಅಪ್ಪ" ಎಂದಳು. "ಕೂದಲೆಳೆಯಷ್ಟೂ ಸಂದಿಲ್ಲ."

ಅಪ್ಪ "ಕೂರ್ಲಿಲ್ವಾ?" ಎಂದು ಕೇಳಿದ್ದು ಒಂದೇ ಸಲ, ಆ ಭಾನುವಾರ. ಆಗ ಅವಳು ಬೇರೇನೋ ಹೇಳಿದ್ದಳು. ಈಗ ಅವಳು ಆ ಮಾತನ್ನೇ ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿ, ಬೆಟ್ಟದ ದಾರಿ ಹಾಕಿದಳು.