ಸುಮ್ಮನಿರದ ಕೈ

ನಜೀರ್ ಸಾಹೇಬರ ಮಗಳು ಜೇಬಾ ಕುಳಿತು ಚಹ ಕುಡಿದುದನ್ನು ಕಂಡವರು ಬಾಳ್ಳುಪೇಟೆಯಲ್ಲಿ ಯಾರೂ ಇಲ್ಲ. ಲೋಟ ಹಿಡಿದೇ ಅಂಗಳದ ಆ ತುದಿಯಿಂದ ಈ ತುದಿಗೆ ನಡೆಯುವಳು. ಆ ನಡಿಗೆಯೋ, ಹೊರಟುನಿಂತ ಬಸ್ಸನ್ನು ಹಿಡಿಯಹೊರಟವರ ನಡಿಗೆ. ಎದುರಿನವರ ಮಾತು ಮುಗಿಯುವ ಮೊದಲೇ “ಆಯ್ತು, ಆಮೇಲೆ?” ಎನ್ನುವುದು ಅವಳ ರೂಢಿ. ಅನ್ನಕ್ಕಿಟ್ಟ ಪಾತ್ರೆಯ ಮುಚ್ಚಳವನ್ನು ಮೂರು ಸಲ ತೆರೆದು ನೋಡದೆ ಅವಳ ಜೀವಕ್ಕೆ ನೆಮ್ಮದಿಯಿಲ್ಲ. “ಇವಳು ಇಣುಕಿ ಇಣುಕಿನೇ ನಮ್ಮನೆ ಅನ್ನ ಬೇಯೋದು ತಡ” ಎಂದು ತಾಯಿ ಮರಿಯಮ್ ಬೀ ದೂರಿದರೆ, ನೆರೆಮನೆಯ ಕಲ್ಯಾಣಮ್ಮ, “ಇವಳ್ನ ಕಟ್ಕೊಳೋನು ಮೊದ್ಲು ಓಡೋದು ಕಲೀಬೇಕು ಕಣ್ರೀ” ಎಂದು ನಗುತ್ತಿದ್ದರು.

ಈ ಚಂಚಲತೆಗೂ ಒಂದು ಮೂಲವುಂಟು. ಸುತ್ತಣ ಸಣ್ಣ ಬೆಳೆಗಾರರಿಂದ ಕಾಫಿಹಣ್ಣು ಕೊಂಡು, ಹೆದ್ದಾರಿಯ ಪಕ್ಕದ ಕಣದಲ್ಲಿ ಒಣಗಿಸಿ ಮಾರುವುದು ನಜೀರ್ ಸಾಹೇಬರ ವ್ಯಾಪಾರ. ಹರವಿದ ಕಾಫಿಯನ್ನು ಮತ್ತೆ ಮತ್ತೆ ಮಗುಚದಿದ್ದರೆ ಅಡಿಯಲ್ಲಿ ಬೂಷ್ಟು ಹಿಡಿಯುವುದು. ಶಾಲೆಯಿಂದ ಬಂದವಳೇ ಚೀಲವನ್ನೆಸೆದು ಬರಿಗಾಲಲ್ಲಿ ಕಾಫಿಯನ್ನು ಸಾಲುಸಾಲಾಗಿ ಕೆದಕುತ್ತ ಬೆಳೆದ ಹುಡುಗಿಗೆ ಸುಮ್ಮನಿರುವುದೇ ಅಪರಾಧವೆಂದೂ, ಅಲುಗಿಸುವುದೇ ರಕ್ಷಣೆಯೆಂದೂ ಯಾರೂ ಬೋಧಿಸಬೇಕಾಗಲಿಲ್ಲ.

ಆದರೆ ವಿಧಿಯು ಅವಳನ್ನು ಕರೆದೊಯ್ದುದು ಅಲುಗಿಸಬಾರದ ಲೋಕಕ್ಕೆ. ಎಂ.ಎಸ್ಸಿ. ಮುಗಿಸಿ, ಘಟ್ಟದ ಕೆಳಗಿನ ವಿಶ್ವವಿದ್ಯಾಲಯವೊಂದರಲ್ಲಿ ವಿಕಿರಣ ಜೀವವಿಜ್ಞಾನ ಮತ್ತು ನ್ಯಾನೊ ವೈದ್ಯಕೀಯ ವಿಭಾಗಕ್ಕೆ ಅವಳು ಸಹಾಯಕಿಯಾಗಿ ಸೇರಿದಳು. ಪಿಎಚ್.ಡಿ.ಗೆ ಆ ವರ್ಷ ಇದ್ದುದು ಒಂದೇ ಸ್ಥಾನ. ಆಕಾಂಕ್ಷಿಗಳು ಇಬ್ಬರು, ಇವಳು ಮತ್ತು ಮೋಹನ್ ಎಂಬ ಮಿತಭಾಷಿ ಯುವಕ. ಕ್ಯಾನ್ಸರ್ ಗಡ್ಡೆಗೆ ಕೊಡುವ ವಿಕಿರಣವು ನೆರೆಯ ಆರೋಗ್ಯವಂತ ಜೀವಕೋಶಗಳನ್ನೂ ಸುಡುತ್ತದೆ. ಅತಿಸೂಕ್ಷ್ಮ ನ್ಯಾನೊಕಣಗಳಲ್ಲಿ ಔಷಧವನ್ನು ಹುದುಗಿಸಿ ಆ ನಿರಪರಾಧಿಗಳನ್ನು ಕಾಯಬಹುದೇ ಎಂಬುದು ಜೇಬಾಳ ಪ್ರಶ್ನೆ. ಆರೋಗ್ಯವಂತ ಕೋಶಗಳನ್ನು ಬಿತ್ತಿ ಔಷಧ ಬೆರೆಸಿದ ಕೆಲವು ತಟ್ಟೆಗಳು, ಬೆರೆಸದ ಕೆಲವು; ಎಲ್ಲಕ್ಕೂ ಸಮನಾದ ವಿಕಿರಣ. ಅನಂತರ ತಟ್ಟೆಗಳನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿರಿಸಿ ಕಾಯಬೇಕು. ಬದುಕುಳಿದ ಒಂದೊಂದು ಕೋಶವೂ ತಾನಿದ್ದಲ್ಲಿಯೇ ವೃದ್ಧಿಸಿ ಒಂದೊಂದು ಗುಂಪಾಗುತ್ತದೆ. ಗುಂಪುಗಳನ್ನು ಎಣಿಸಿದರೆ ಬದುಕಿದವುಗಳ ಲೆಕ್ಕ.

“ಒಳಗಿಟ್ಟ ಮೇಲೆ ಮುಟ್ಟಬೇಡ” ಎಂದಿದ್ದರು ಮಾರ್ಗದರ್ಶಕಿ ಡಾ. ಸುಲೋಚನಮ್ಮ, ಆಲೂರು ಕಡೆಯ ಕಾಫಿಸೀಮೆಯವರು.

ಫಲಿತಾಂಶ ಬಂದಾಗ ಸುಲೋಚನಮ್ಮನವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಔಷಧದ ತಟ್ಟೆಗಳಲ್ಲಿ ಗುಂಪುಗಳು ದಟ್ಟವಾಗಿದ್ದವು, ಉಳಿದವು ವಿರಳ. “ಸೋಮವಾರ ಆಯ್ಕೆ ಸಮಿತಿ ಮುಂದೆ ಇದನ್ನೇ ಇಡು. ಸೀಟು ನಿಂದೇ ಅಂದ್ಕೊ” ಎಂದರು.

ಭಾನುವಾರ ಊರಿಗೆ ಬಂದ ಜೇಬಾ ಕಣಕ್ಕಿಳಿದಳು. ಮೈಯಲ್ಲಿ ಸಂತೋಷವಿತ್ತು, ಅದರಡಿಯಲ್ಲಿ ಹೆಸರಿಲ್ಲದೊಂದು ಕಸಿವಿಸಿ. ಔಷಧದ ತಟ್ಟೆಗಳಲ್ಲಿ ದೊಡ್ಡ ಗುಂಪುಗಳ ಸುತ್ತ, ತಾಯಿಗಿಡದ ಬುಡದ ಸಸಿಗಳಂತೆ, ಚಿಕ್ಕ ಚಿಕ್ಕ ಚುಕ್ಕೆಗಳಿದ್ದುವಲ್ಲ, ಅವೇಕೆ?

“ಏನವ್ವ, ಡಾಕ್ಟ್ರಾಗ್ಬುಟ್ಟೆ ಅಂತಾರೆ, ಇನ್ನೂ ಕಾಫಿ ಕೆದಕದು ಬಿಟ್ಟಿಲ್ವಲ್ಲ” ಎಂದ ಕಣದ ಆಳು ಕೆಂಚಯ್ಯ.

“ಸೀಟೇ ಸಿಕ್ಕಿಲ್ಲ ಕೆಂಚಯ್ಯ, ಡಾಕ್ಟ್ರು ಎಲ್ಲಿಂದ ಆಗ್ಲಿ?”

“ನಿನ್ ಕಾಲಿಗೆ ಯಾರೂ ಹೇಳದೇ ಬ್ಯಾಡ. ಮಾತು ನನ್ ತಾವ ಐತೆ, ಕಾಲು ಅದ್ರ ಪಾಡಿಗೆ ಹೋಯ್ತಾ ಐತೆ.”

ಜೇಬಾ ಸಾಲಿನ ನಡುವೆಯೇ ನಿಂತಳು.

“ಯಾಕವ್ವ, ಮುಳ್ಳು ಚುಚ್ತಾ?”

ಚುಚ್ಚಿದ್ದು ನೆನಪು. ಬೆಳಗೂ ಬೈಗೂ ಪೆಟ್ಟಿಗೆಯ ಬಾಗಿಲು ತೆರೆದು, ಔಷಧದ ತಟ್ಟೆಗಳನ್ನು ಮಾತ್ರ, ಮಮತೆಯೆಲ್ಲ ಅವುಗಳ ಮೇಲೆಯೇ ಇದ್ದುದರಿಂದ, ಅವಳು ಎತ್ತಿ, ಆಚೀಚೆ ಓಲಾಡಿಸಿ, ಮರಳಿ ಇಟ್ಟಿದ್ದಳು. ಓಲಾಡಿದಾಗ ಗುಂಪಿನಿಂದ ಕಳಚಿದ ಕೋಶಗಳು ಬೇರೆಡೆ ನೆಲೆಯೂರಿ ಹೊಸ ಗುಂಪುಗಳಾಗಿದ್ದವು. ಬದುಕಿದ ಕೋಶಗಳ ಸಂಖ್ಯೆ ಹೆಚ್ಚಿದ್ದು ಔಷಧದಿಂದಲೋ ಅವಳ ಕೈಯಿಂದಲೋ, ಇನ್ನು ಹೇಳುವಂತಿರಲಿಲ್ಲ. ಕಂಡವರು ಮಾತ್ರ ಯಾರೂ ಇಲ್ಲ.

ಅಂದು ಅವಳು ಊಟವನ್ನೂ ನಿಂತೇ ಮಾಡಿದಳು, ರಾತ್ರಿಯೆಲ್ಲ ಅಂಗಳದಲ್ಲೇ ನಡೆದಳು. ಸೋಮವಾರ ಮೊದಲ ಬಸ್ಸಿಗೆ ಘಟ್ಟವಿಳಿದು, ಸಮಿತಿ ಸೇರುವ ಮುನ್ನ, ಸುಲೋಚನಮ್ಮನವರ ಬಾಗಿಲಲ್ಲಿ ನಿಂತು ಹೇಳಿದಳು.

“ಮುಟ್ಟಬೇಡ ಅಂದಿದ್ನಲ್ಲ.”

“ಸುಮ್ನೆ ಬಿಟ್ರೆ ಕೆಟ್ಟೋಗುತ್ತೆ ಅನ್ನಿಸ್ತು ಮೇಡಂ.”

“ಕೆಟ್ಟೋಗೋಕೆ ಅದೇನು ಕಾಫೀನೇನೆ?” ಎಂದವರು ಸಮಿತಿಗೆಂದು ಇಟ್ಟಿದ್ದ ಹಾಳೆಗಳನ್ನು ಮೇಜಿನ ಬದಿಗೆ ಸರಿಸಿದರು. “ಹೇಳ್ದೇ ಇದ್ದಿದ್ರೆ ನಂಗೂ ಗೊತ್ತಾಗ್ತಿರ್ಲಿಲ್ಲ. ಇದನ್ನ ಇಡೋ ಹಾಗಿಲ್ಲ. ಸೀಟು ಹೋಯ್ತು, ತಿಳೀತಾ?”

“ತಿಳೀತು. ಆಮೇಲೆ?”

“ಆಮೇಲೆ ಏನು? ಮೊದ್ಲಿಂದ ಮಾಡು. ಮುಂದಿನ ವರ್ಷ ನೋಡೋಣ.”

ಸ್ಥಾನ ಮೋಹನನಿಗೆ ಸಂದಿತು. ಜೇಬಾ ಅಂದೇ ಹೊಸ ತಟ್ಟೆಗಳನ್ನು ಅಣಿಗೊಳಿಸಿ ಒಳಗಿಟ್ಟು, ಪೆಟ್ಟಿಗೆಯ ಬೀಗದ ಕೈಯನ್ನು ಸುಲೋಚನಮ್ಮನವರಿಗೊಪ್ಪಿಸಿ, ಮೊಗಸಾಲೆಯಲ್ಲಿ ಶತಪಥ ತುಳಿಯತೊಡಗಿದಳು. ಈ ಸಲ ಔಷಧ ಕೋಶಗಳನ್ನು ಕಾಯುವುದೋ ಇಲ್ಲವೋ, ಭಗವಂತನೇ ಬಲ್ಲ.

ಚಿತ್ತಸ್ಥೈರ್ಯವನ್ನು ನಮ್ಮ ಹಿರಿಯರು ಕೊಂಡಾಡಿದರು, ಕೊಂಡಾಡಿದ್ದು ಯುಕ್ತವೇ. ಆದರೂ ಜೇಬಾಳಂಥವರನ್ನು ಕಂಡಾಗ ಮನಸ್ಸು ಬೇರೆಯೇ ತೂಗುತ್ತದೆ. ಇವರು ತಪ್ಪನ್ನು ಬೇಗ ಮಾಡುತ್ತಾರೆ, ಆದರೆ ಅದರೊಡನೆ ಒಂದು ರಾತ್ರಿಯೂ ಒಂದೇ ಸೂರಿನಡಿ ಮಲಗಲಾರರು. ಹುಟ್ಟಿನಿಂದಲೇ ಶಾಂತರಾದವರಿಗೆ ಆ ತೊಂದರೆಯಿಲ್ಲ. ಅವರು ಸುಳ್ಳಿನ ಪಕ್ಕದಲ್ಲಿಯೂ ಶಾಂತವಾಗಿ ಕುಳಿತಿರಬಲ್ಲರು.