ಮೂಡಣ ಮೂಲೆ

ಸರಿರಾತ್ರಿಯಲ್ಲಿ ದಾರ ಮಿಡಿದ ಸದ್ದಾಯಿತು. ಬಾಸಿಲಿಯಾ ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಮತ್ತೆ ಅದೇ ಸದ್ದು, ಮೂಡಣ ಮೂಲೆಯಿಂದ. ಹಗಲು ಮೇಸ್ತ್ರಿ ಪಾಯಕ್ಕೆ ಗೂಟ ನೆಟ್ಟು ದಾರ ಬಿಗಿದು ಹೋಗಿದ್ದ. ಗಾಳಿಗೆ ಅದೇ ಮಿಡಿಯುತ್ತಿದೆ ಎಂದು ಗೊತ್ತಿದ್ದೂ ಕಂಬಳಿ ಹೊದ್ದು ಹೊರಗೆ ಬಂದಳು. ದಾರ ಸರಿಯಾಗಿ ಅವಳ ಮಗುವಿನ ಮೇಲೆ ಹಾದುಹೋಗಿತ್ತು.

ಲಾ ಪಾಸ್ ನಗರದ ಅಂಚಿನ ಬಡಾವಣೆಯಲ್ಲಿ ಆ ಸೈಟು ಹನ್ನೊಂದು ವರ್ಷ ಖಾಲಿ ಬಿದ್ದಿತ್ತು. ಖಾಲಿ ಎನ್ನುವವರು ಅದರೊಳಗಿನ ತಗಡಿನ ಗೂಡನ್ನೂ ಬಾಸಿಲಿಯಾಳನ್ನೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಒಲೆಯ ಹೊಗೆ ಕಾಣದ ಸೈಟಿನಲ್ಲಿ ಬೆಳಗಾಗುವಷ್ಟರಲ್ಲಿ ಬೇರೆಯವರ ಗೋಡೆ ಎದ್ದಿರುತ್ತದೆ. ಅದಕ್ಕೇ ಯಜಮಾನ ದೋನ್ ರೆನಾತೊ ಅವಳನ್ನು ಅಲ್ಲಿ ಕೂರಿಸಿದ್ದ. ಕೂಲಿಯಿಲ್ಲ, ಬಾಡಿಗೆಯಿಲ್ಲ, ಒಂದು ರಾತ್ರಿಯೂ ಜಾಗ ಬಿಟ್ಟು ಕದಲುವಂತಿಲ್ಲ.

ಆರು ವರ್ಷದ ಹಿಂದೆ, ದಿನ ತುಂಬುವ ಮೊದಲೇ ನೋವು ಬಂದಾಗ, ಎದುರಿನ ಅಂಗಡಿಯಿಂದ ರೆನಾತೊಗೆ ಫೋನು ಮಾಡಿ ಆಸ್ಪತ್ರೆಗೆ ಹೋಗಿಬರುತ್ತೇನೆಂದು ಬೇಡಿಕೊಂಡಿದ್ದಳು.

“ನಿನ್ನ ಹೊಟ್ಟೆನೋವಿಗೆ ನನ್ನ ಸೈಟು ಹೋಗ್ಬೇಕೇನೇ ಮುಂಡೆ? ಬೆಳಿಗ್ಗೆ ಯಾರನ್ನಾದ್ರೂ ಕಳಿಸ್ತೀನಿ. ಅಲ್ಲೀತನಕ ಬಿಗಿಹಿಡ್ಕೊಂಡು ಬಿದ್ದಿರು.”

ಬೆಳಿಗ್ಗೆ ಯಾರೂ ಬರಲಿಲ್ಲ. ಮಗು ಗೂಡಿನಲ್ಲೇ ಹುಟ್ಟಿ, ಎರಡು ಸಲ ಅತ್ತು ಸುಮ್ಮನಾಯಿತು. ಕಾಗದವಿಲ್ಲದ ಹೆಣಕ್ಕೆ ಸ್ಮಶಾನದ ಗೇಟು ತೆರೆಯುವುದಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಮೊದಲ ಬಿಸಿಲು ಬೀಳುವ ಮೂಲೆಯಲ್ಲಿ ಹೂತಿದ್ದಳು.

ಈಗ ಹಾರೆ ತಂದು ಒಂದೇಟು ಹಾಕಿದಳು. ಹಿಮಗಟ್ಟಿದ ನೆಲ ಖಣಿಲ್ ಎಂದಿತು. ಪಕ್ಕದ ಮನೆಯ ನಾಯಿಗಳು ಎದ್ದವು. ಅಗೆದು ತೆಗೆದರೂ ಎಲ್ಲಿಗೆ ಒಯ್ಯುವುದು? ಹಾರೆ ಹಿಡಿದೇ ಬೆಳಗು ಮಾಡಿದಳು.

ಆಗಸ್ಟ್ ತಿಂಗಳು, ಅಲ್ಲಿ ಚಳಿಗಾಲದ ಕೊನೆ. ಭೂತಾಯಿ ಹಸಿದು ಬಾಯಿ ತೆರೆಯುವ ತಿಂಗಳೆಂದು ಅಲ್ಲಿನವರ ನಂಬಿಕೆ. ಅವಳಿಗೆ ಉಣಿಸದೆ ಯಾರೂ ಪಾಯ ಹಾಕುವುದಿಲ್ಲ. ರೆನಾತೊ, ಮೇಸ್ತ್ರಿ, ಹರಕೆ ಸಲ್ಲಿಸುವ ಮುದುಕ ಇಲಾರಿಯೊ ಮೂವರೂ ಹೊತ್ತು ಮೂಡುವಾಗಲೇ ಬಂದರು. ಮುದುಕನ ಗಂಟಿನಲ್ಲಿ ಮಿಠಾಯಿ, ಬಣ್ಣದ ಉಣ್ಣೆ, ಕೋಕಾ ಎಲೆ, ಹುಟ್ಟುವ ಮೊದಲೇ ಸತ್ತು ಒಣಗಿದ ಲಾಮಾ ಮರಿ. ಇವನ್ನು ಹೂಳುವ ಗುಂಡಿ ಮೂಡಣ ಮೂಲೆಯಲ್ಲೇ ಆಗಬೇಕೆಂದ ಅವನು.

“ಯಜಮಾನ್ರೇ, ಆ ಮೂಲೆ ಬ್ಯಾಡ,” ಎಂದಳು ಬಾಸಿಲಿಯಾ.

“ಯಾಕೆ? ಏನು ಕದ್ದು ಹೂತಿಟ್ಟಿದೀಯೇ?”

ಮೇಸ್ತ್ರಿ ನಕ್ಕ. ರೆನಾತೊ ಗೂಡಿಗೆ ನುಗ್ಗಿ ಅವಳ ಹಾಸಿಗೆಯನ್ನು ಬೂಟಿನಿಂದ ಮಗುಚಿದ. ಒಣ ಆಲೂಗಡ್ಡೆಯ ಚೀಲವನ್ನು ಮಣ್ಣಿಗೆ ಸುರಿದ. ಏನೂ ಸಿಗದೆ, ಶನಿವಾರದೊಳಗೆ ಗೂಡು ಕಿತ್ತುಕೊಂಡು ಹಾಳಾಗಿಹೋಗು ಎಂದು ಅವಳಿಗೆ ಹೇಳಿ, ಮೇಸ್ತ್ರಿಗೆ ಗುದ್ದಲಿ ಎತ್ತಿಕೊಟ್ಟ. ಬಾಸಿಲಿಯಾ ಅದನ್ನು ಕಸಿದುಕೊಂಡಳು.

“ನಾನೇ ಅಗೀತೀನಿ. ಈ ನೆಲ ಕಾದೋಳು ನಾನು.”

ಮೊಣಕಾಲಾಳಕ್ಕೆ ಇಳಿದಾಗ ಟಣ್ ಎಂದಿತು.

“ಏನದು?”

“ಕಲ್ಲು.”

ರೆನಾತೊ ಬಗ್ಗಿ ನೋಡಲು ಬಂದ. ಮುದುಕ ಕೋಲು ಅಡ್ಡ ಹಿಡಿದ. “ಮನೆ ಕಟ್ಟೋನು ನೆಲದ ಬಾಯಿ ಇಣುಕ್ಬಾರ್ದು ಕಣಪ್ಪ. ಆಚೆ ನಿಂತ್ಕೋ.”

ತುಕ್ಕು ತಿಂದ ಮುಚ್ಚಳ ಸೀಳಿತ್ತು. ಸೀಳಿನಲ್ಲಿ ಹಳದಿ ಉಣ್ಣೆಯ ಟೊಪ್ಪಿಗೆಯ ಅಂಚು ಕಂಡಿತು. ಅವಳು ಬೊಗಸೆ ಮಣ್ಣು ಎಳೆದು ಮುಚ್ಚಿದಳು. ಮುದುಕ ಅದರ ಮೇಲೆ ಲಾಮಾ ಮರಿಯನ್ನು ಮಲಗಿಸಿ ಸಾರಾಯಿ ಚಿಮುಕಿಸಿದ. ಅವಳು ಗುಂಡಿಗೆ ಬಾಯಿ ಹತ್ತಿರ ತಂದಳು.

“ಮನೆ ನಿಂದು ಕಣೋ ಮಗನೇ. ಯಾರನ್ನೂ ಮಲಗಕ್ಕೆ ಬಿಡಬ್ಯಾಡ.”

“ಏನೇ ಗೊಣಗ್ತಿದೀಯಾ?”

“ಮನೆ ನೂರ್ಕಾಲ ಬಾಳ್ಲಿ ಅಂದೆ, ಯಜಮಾನ್ರೇ.”

ಶನಿವಾರ ತಗಡು ಹೊತ್ತು ಹೊರಟಾಗ ಮೂಲೆಯ ಕಾಂಕ್ರೀಟು ಇನ್ನೂ ಹಸಿಯಾಗಿತ್ತು. ರೆನಾತೊನ ಹೆಂಡತಿ ಕಾರಿನಿಂದಿಳಿದು, ಮಕ್ಕಳ ಕೋಣೆ ಅಲ್ಲಿ ಬರುತ್ತದೆ ಎಂದು ಅದೇ ಮೂಲೆಯನ್ನು ತೋರಿಸಿದಳು. ಆಮೇಲೆ ಕೇಳಿದಳು, “ರಾತ್ರಿ ಹೊತ್ತು ಇಲ್ಲಿ ಗಲಾಟೆ ಗಿಲಾಟೆ ಇಲ್ಲ ತಾನೆ?”

ಬಾಸಿಲಿಯಾ ಆ ಮೂಲೆಯನ್ನು ನೋಡಿದಳು. ಗೂಟ ಕಿತ್ತು ದಾರ ಸುತ್ತಿಟ್ಟಿದ್ದರು. ಆದರೂ ಅವಳ ಕಿವಿಯಲ್ಲಿ ಅದು ಮಿಡಿಯುತ್ತಲೇ ಇತ್ತು. ಇವಳಿಗೂ ಹೇಳಬಾರದು, ಪಾದ್ರಿಗೂ ಹೇಳಬಾರದು, ಸಾಯುವಾಗಲೂ ಯಾರಿಗೂ ಹೇಳಬಾರದು.

“ಇಲ್ಲ ಅಮ್ಮಾ,” ಎಂದಳು. “ಬಲು ತಣ್ಣಗಿರ್ತದೆ.”