ಸೊನ್ನೆ ಇಲ್ಲದ ಕಾಗದ

“ಏ ಮುಂಡೇದೇ, ಹತ್ತು ಗಂಟೆಗೆ ಅವರು ಬರ್ತಾರೆ ಅಂತ ಬಡ್ಕೊಂಡ್ರೂ ಇನ್ನೂ ಅದರ ಕುಂಡಿ ಸವರ್ತಾ ಕೂತಿದೀಯಲ್ಲ,” ಎನ್ನುತ್ತ ಎಂಜಿನಿಯರ್ ಸಾಹೇಬ ಮಗುಚಿ ಹಾಕಿದ್ದ ದೋಣಿಯನ್ನು ಬೂಟುಗಾಲಿನಿಂದ ಒದ್ದ.

ಅಂಬಿಗಿತ್ತಿ ತಲೆ ಎತ್ತಲಿಲ್ಲ. ರಾಳದಲ್ಲಿ ಅದ್ದಿದ ನೂಲನ್ನು ಹಲಗೆಗಳ ಸಂದಿಗಿಟ್ಟು, ಮೊಂಡು ಉಳಿಯಿಂದ ಒತ್ತಿ, ಕೊಡತಿಯಿಂದ ಮೆಲ್ಲಗೆ ಬಡಿಯುತ್ತಿದ್ದಳು. ಏಳು ತಿಂಗಳಿಂದ ಕಚೇರಿಯ ಹಿತ್ತಲಲ್ಲಿ ಸರಪಳಿ ಬಿಗಿಸಿಕೊಂಡು ಬಿಸಿಲಿಗೆ ಬಿದ್ದಿದ್ದ ದೋಣಿ ಅದು. ನೀರು ಕಾಣದ ಹಲಗೆಗಳು ಒಣಗಿ, ಒಂದಕ್ಕೊಂದು ಮುನಿಸಿಕೊಂಡವರ ಹಾಗೆ ದೂರ ಸರಿದಿದ್ದವು.

“ಒಣಗಾಕಿದ್ದು ನೀವು. ಸೋರಿದ್ರೆ ನಿಮ್ಮ ಬ್ಯಾಂಕಿನಮ್ಮನ ಸೀರೆ ನೆನೆಯುತ್ತೆ,” ಎಂದಳು.

“ಅವಳು ಸೀರೆ ಉಡಲ್ಲ. ಬಾಯಿ ಮುಚ್ಚಿ ಕೆಲಸ ಮುಗಿಸು. ಮನೆಗೆ ಹೋಗಿ ಒಗೆದಿರೋದೇನಾದ್ರೂ ಸುತ್ಕೊಂಡು ಬಾ. ಕೊಳೆತ ಮೀನಿನ ನಾತ ಹೊಡೀತಿದೀಯ.”

ಏಳು ತಿಂಗಳಿಂದ ಅವಳು ಮೀನು ಮುಟ್ಟಿರಲಿಲ್ಲ. ಆ ನಾತ ರಾಳದ್ದು.

ಹೊರದೇಶದ ದೊಡ್ಡ ಬ್ಯಾಂಕೊಂದು ದೇಶಕ್ಕೆ ಸಾಲ ಕೊಟ್ಟು ಹೊಳೆಗೆ ಸೇತುವೆ ಕಟ್ಟಿಸಿತ್ತು. ಈ ದಡದಲ್ಲಿ ಅದು ನೆಲದಿಂದಲೇ ಶುರುವಾಗಿ, ಗೌರವವಾಗಿ ಎದ್ದು ನಿಂತು, ಹನ್ನೊಂದು ಕಂಬಗಳ ಮೇಲೆ ಹೊಳೆ ದಾಟುತ್ತಿತ್ತು. ಆ ದಡದಲ್ಲಿ ಮಾತ್ರ ಇಳಿಯುತ್ತಿರಲಿಲ್ಲ. ಕೊನೆಯ ಕಂಬದ ಮೇಲೆ ಬಂದು, ಮೂರಾಳೆತ್ತರದಲ್ಲಿ, ಗಾಳಿಯಲ್ಲಿ ನಿಂತುಬಿಟ್ಟಿತ್ತು. ಅಲ್ಲಿಂದ ಕೆಳಕ್ಕೆ ಮಣ್ಣು ತುಂಬಿ ರಸ್ತೆ ಮಾಡುವುದು ತನ್ನ ಕೆಲಸವಲ್ಲ ಎಂದು ಒಂದು ಇಲಾಖೆ, ತನ್ನದಂತೂ ಅಲ್ಲವೇ ಅಲ್ಲ ಎಂದು ಇನ್ನೊಂದು ಇಲಾಖೆ. ಕಾಗದದಲ್ಲಿ ಸೇತುವೆ ಪೂರ್ತಿಯಾಗಿತ್ತು. ರಿಬ್ಬನ್ನು ಕತ್ತರಿಸಿದ್ದು ಈ ದಡದಲ್ಲಿ.

ರಿಬ್ಬನ್ನು ಕತ್ತರಿಸಿದ ಮರುವಾರವೇ ದೋಣಿ ನಿಂತಿತು. ಸೇತುವೆ ಇರುವಾಗ ದೋಣಿಯೂ ಓಡಿದರೆ, ಸೇತುವೆ ಬಳಕೆಯಲ್ಲಿಲ್ಲ ಎಂದು ಬ್ಯಾಂಕಿನವರು ತಿಳಿದಾರು ಎಂಬುದು ಎಂಜಿನಿಯರನ ಲೆಕ್ಕ. ಐದು ದೋಣಿ ಒಡೆಸಿದ. ಅಂಬಿಗಿತ್ತಿಯದು ಒಂದು, ಅವಳು ಅದರೊಳಗೆ ಮಲಗಿಬಿಟ್ಟದ್ದರಿಂದ, ಒಡೆಯದೆ ಜಪ್ತಿಯಾಯಿತು. ಆಮೇಲೆ ಜನ ತಾವೇ ಬಿದಿರು ಕಡಿದು ಒಂದು ಏಣಿ ಕಟ್ಟಿ ಸೇತುವೆಯ ಕೊನೆಗೆ ಆನಿಸಿದರು. ಇಪ್ಪತ್ತಾರು ಮೆಟ್ಟಿಲು. ಆಸ್ಪತ್ರೆಗೆ ಹೋಗುವವರು, ಸಂತೆಗೆ ಹೋಗುವವರು, ಹೆರಿಗೆಗೆ ಹೋಗುವವರು ಎಲ್ಲರಿಗೂ ಅದೇ ಏಣಿ.

ಅಂಬಿಗಿತ್ತಿಯ ಅಣ್ಣ ಹತ್ತೊಂಬತ್ತನೇ ಮೆಟ್ಟಿಲಿಂದ ಬಿದ್ದಿದ್ದ. ಮೂವತ್ತು ವರ್ಷ ತಂಗಿಯ ಜೊತೆ ಹುಟ್ಟು ಹಾಕಿದವನು, ದೋಣಿ ಹೋದಮೇಲೆ ಅಂಗಡಿಯವರ ಮೂಟೆ ಹೊರುತ್ತಿದ್ದ. ಸೊಂಟದ ಮೂಳೆ ಮುರಿದು ಈಗ ಬಾಗಿಲ ಪಕ್ಕದ ಮಂಚದ ಮೇಲೆ ಮಲಗಿರುತ್ತಾನೆ. ಅಲ್ಲಿಂದ ಹೊಳೆ ಕಾಣುವುದಿಲ್ಲ. ಪಕ್ಕದ ಮನೆಯ ಗೋಡೆ ಕಾಣುತ್ತದೆ.

ಅವಳು ಸೀರೆ ಬದಲಾಯಿಸಲು ಬಂದಾಗ ಅಣ್ಣ ಎಚ್ಚರವಾಗಿದ್ದ.

“ಏನಂತೆ ಆ ಬೋಳಿಮಗಂದು?”

“ಹೊಳೆ ದಾಟಿಸ್ಬೇಕಂತೆ. ಆಚೆ ದಡದಲ್ಲಿ ಇಪ್ಪತ್ತು ಜನರನ್ನ ಕುರ್ಚಿ ಹಾಕಿ ಕೂರಿಸಿದಾನೆ. ಬ್ಯಾಂಕಿನಮ್ಮ ಅವರ ಅಭಿಪ್ರಾಯ ಬರ್ಕೋತಾಳಂತೆ.”

“ಸೇತುವೆ ಮೇಲೆ ಕರ್ಕೊಂಡು ಹೋಗಕ್ಕೇನು ದಾಡಿ?”

“ಸೇತುವೆಗೆ ಬಣ್ಣ ಹೊಡೀತಿದಾರೆ ಅಂತ ಹೇಳಿದಾನೆ. ಕೊನೇಲಿ ನೀಲಿ ಟಾರ್ಪಾಲು ಇಳಿಬಿಟ್ಟಿದಾನೆ, ಏಣಿ ಕಾಣ್ಬಾರ್ದು ಅಂತ. ನನ್ನನ್ನ ಕೇಳಿದ್ರೆ ಒಂಬತ್ತು ಅನ್ಬೇಕು. ಏನು ಕೇಳಿದ್ರೂ ಒಂಬತ್ತು.”

“ಹತ್ತು ಯಾಕಲ್ಲ?”

“ಹತ್ತು ಅಂದ್ರೆ ಅನುಮಾನ ಬರುತ್ತಂತೆ.”

ಅಣ್ಣ ನಕ್ಕ. ನಗು ಸೊಂಟಕ್ಕೆ ಇಳಿದು ನೋವಾಗಿ, ಮಂಚದ ಅಂಚು ಹಿಡಿದುಕೊಂಡ. “ಅಂದುಬಿಡು. ಒಂಬತ್ತು ಅಂದ್ರೆ ನಾಲಿಗೆ ಸವೆಯುತ್ತಾ? ದೋಣಿ ವಾಪಸ್ ಕೊಡ್ತಾನಂತಾ?”

“ಕೊಡ್ತೀನಿ ಅಂದಿದಾನೆ. ಬಾಯಿ ತಪ್ಪಿದ್ರೆ ಸಂಜೆಗೆ ಸೌದೆ ಮಾಡಿಸ್ತಾನಂತೆ.”

“ಹಾಗಾದ್ರೆ ಒಂಬತ್ತೇ. ನನ್ನ ಸೊಂಟದ ಪುರಾಣ ತೆಗೀಬೇಡ ಅಲ್ಲಿ.”

ಅವಳು ಹೂಂ ಎಂದಳು. ಒಂಬತ್ತು ಅನ್ನಲು ಮನಸ್ಸು ಗಟ್ಟಿ ಮಾಡಿಕೊಂಡೇ ಮನೆ ಬಿಟ್ಟಳು.

ಬ್ಯಾಂಕಿನಮ್ಮ ಬಿಳಿ ಅಂಗಿ ತೊಟ್ಟ, ಬಿಸಿಲಿಗೆ ಕೆಂಪಾದ ಮುಖದ ಹೊರದೇಶದವಳು. ಕೆಟ್ಟವಳ ಹಾಗೆ ಕಾಣಲಿಲ್ಲ. ದೋಣಿ ಹತ್ತುವಾಗ ಅಂಬಿಗಿತ್ತಿಯ ಕೈ ಹಿಡಿದಳು, ಹಿಡಿದದ್ದಕ್ಕೆ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಅವಳ ಹಿಂದೆ ಬೋಳು ತಲೆಯ ದುಭಾಷಿ, ಅವನ ಹಿಂದೆ ಎಂಜಿನಿಯರ್. ಮೂವರೂ ಕಿತ್ತಳೆ ಬಣ್ಣದ ತೇಲುವ ಜಾಕೀಟು ತೊಟ್ಟಿದ್ದರು. ನಾಲ್ಕನೆಯದು ಯಾರೂ ತಂದಿರಲಿಲ್ಲ.

ದಡ ಬಿಟ್ಟು ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಹಲಗೆಯ ಸಂದಿಯಿಂದ ನೀರು ಜಿನುಗಿ ಎಂಜಿನಿಯರನ ಬೂಟಿಗೆ ಬಂತು. ಅವನು ಕಾಲು ಎತ್ತಿಟ್ಟುಕೊಂಡ. ಅಂಬಿಗಿತ್ತಿ ತಗಡಿನ ಡಬ್ಬ ತೋರಿಸಿ, “ಮೊಗೆದು ಹಾಕಿ ಸಾಹೇಬ್ರೇ. ನಂಗೆ ಎರಡೇ ಕೈ,” ಎಂದಳು. ಬ್ಯಾಂಕಿನಮ್ಮ ನೋಡುತ್ತಿದ್ದಳು. ಅವನು ನಗುಮುಖ ಮಾಡಿಕೊಂಡು ಮೊಗೆಯತೊಡಗಿದ.

ಬ್ಯಾಂಕಿನಮ್ಮ ಕಾಗದ ತೆಗೆದಳು. ದುಭಾಷಿ ಗಂಟಲು ಸರಿಮಾಡಿಕೊಂಡ.

“ನಿಮ್ಮ ಅಭಿಪ್ರಾಯ ನಮಗೆ ಬಹಳ ಮುಖ್ಯ ಅಂತಿದಾರೆ. ನೀವು ಕೂಡ ಈ ಯೋಜನೆಯ ಪಾಲುದಾರರು.”

“ನಂಗ್ಯಾವ ಪಾಲು ಬಂದಿದೆ?”

“ಅದು ಆ ಥರದ ಪಾಲಲ್ಲಮ್ಮ.”

“ಹಾಗಾದ್ರೆ ಸರಿ.”

“ಮೊದಲನೇ ಪ್ರಶ್ನೆ. ಸಂಸ್ಥೆಯ ಕೆಲಸ ಈ ದೇಶದ ಅಗತ್ಯಕ್ಕೆ ಎಷ್ಟು ಹೊಂದುತ್ತೆ? ಒಂದರಿಂದ ಹತ್ತರ ತನಕ ಒಂದು ಅಂಕಿ ಹೇಳಬೇಕು.”

“ಒಂಬತ್ತು.”

“ಸಂಸ್ಥೆ ಬಡವರ ಮಾತು ಎಷ್ಟರ ಮಟ್ಟಿಗೆ ಕೇಳಿಸಿಕೊಳ್ಳುತ್ತೆ?”

“ಒಂಬತ್ತು.”

“ಸಂಸ್ಥೆಯ ಸಿಬ್ಬಂದಿಯನ್ನ ಭೇಟಿಯಾಗೋದು ಎಷ್ಟು ಸುಲಭ?”

ಅವಳು ಬ್ಯಾಂಕಿನಮ್ಮನನ್ನು ನೋಡಿದಳು. “ಇವತ್ತು ಒಂಬತ್ತು.”

ಹೀಗೇ ಹದಿನಾಲ್ಕು ಪ್ರಶ್ನೆ ಸಾಗಿದವು. ಹುಟ್ಟು ಒಮ್ಮೆ ನೀರಿಗೆ ಬಿದ್ದು ಏಳುವಷ್ಟರಲ್ಲಿ ಒಂದು ಒಂಬತ್ತು. ಎಂಜಿನಿಯರ್ ಡಬ್ಬ ಕೆಳಗಿಟ್ಟು ಸಿಗರೇಟು ಹಚ್ಚಿದ. ಹೊಗೆ ಬಿಡುತ್ತ ಕಣ್ಣಲ್ಲೇ ‘ಭೇಷ್’ ಎಂದ. ಸಾಕಿದ ನಾಯಿ ಹೇಳಿದ ಹಾಗೆ ಕೂತಾಗ ನೋಡುವ ನೋಟ ಅದು.

“ಹದಿನೈದನೇದು,” ಎಂದ ದುಭಾಷಿ. “ಸೇತುವೆ ಬಂದಮೇಲೆ ನಿಮ್ಮ ಮನೆಯವರ ಓಡಾಟ ಎಷ್ಟು ಸುಲಭವಾಗಿದೆ?”

ಅಂಬಿಗಿತ್ತಿ ಬಾಯಿ ತೆರೆದಳು. ಒಂಬತ್ತು ನಾಲಿಗೆಯ ತನಕ ಬಂದಿತ್ತು. ಮಂಚದ ಅಂಚು ಹಿಡಿದುಕೊಂಡ ಅಣ್ಣನ ಬೆರಳು, ಆ ಬೆರಳಿನ ಮೇಲೆ ಮೂವತ್ತು ವರ್ಷ ಹುಟ್ಟು ಹಿಡಿದ ಗಂಟು, ಕಣ್ಣ ಮುಂದೆ ಬಂದು ನಿಂತವು. ಒಂಬತ್ತು ವಾಪಸ್ಸು ಇಳಿದುಹೋಯಿತು.

“ಸೊನ್ನೆ,” ಎಂದಳು.

ಎಂಜಿನಿಯರನ ಸಿಗರೇಟು ತುಟಿಯಲ್ಲೇ ನಿಂತಿತು. ದುಭಾಷಿ ತಡವರಿಸಿ ಏನೋ ಹೇಳಿದ. ಬ್ಯಾಂಕಿನಮ್ಮ ಕಾಗದವನ್ನು ತಿರುಗಿಸಿ, ಅಂಕಿಗಳ ಸಾಲಿನ ಮೇಲೆ ಬೆರಳಾಡಿಸಿ, ಅಕ್ಕರೆಯಿಂದಲೇ ವಿವರಿಸಿದಳು.

“ಸೊನ್ನೆ ಈ ಕಾಗದದಲ್ಲಿ ಇಲ್ವಂತೆ,” ಎಂದ ದುಭಾಷಿ. “ಒಂದರಿಂದ ಶುರು. ಎಷ್ಟೇ ಕಮ್ಮಿ ಅಂದ್ರೂ ಒಂದು ಇದ್ದೇ ಇರುತ್ತೆ ಅಂತಾರೆ.”

“ನಮ್ಮನೇಲಿ ಇಲ್ಲ. ನಮ್ಮಣ್ಣ ನಿಮ್ಮ ಸೇತುವೆಯಿಂದ ಬಿದ್ದು ಏಳು ತಿಂಗಳಲ್ಲಿ ಆರು ತಿಂಗಳು ಮಂಚದ ಮೇಲಿದಾನೆ. ಅವನು ಹೇಲಕ್ಕೂ ನಾನೇ ಎತ್ಬೇಕು. ಅದನ್ನ ಬರ್ಕೊಳ್ಳಕ್ಕೆ ಹೇಳಿ.”

ಎಂಜಿನಿಯರ್ ದುಭಾಷಿಯ ಭುಜ ಒತ್ತಿದ. ತಾನೇ ಬ್ಯಾಂಕಿನಮ್ಮನ ಕಡೆ ಬಾಗಿ, ಅವಳ ಭಾಷೆಯಲ್ಲಿ ನಾಲ್ಕು ಮಾತಾಡಿ ನಕ್ಕ. ಬ್ಯಾಂಕಿನಮ್ಮನೂ ನಕ್ಕಳು. ಸಾಲಿನ ಕೊನೆಯ ಅಂಕಿಗೆ, ಹತ್ತಕ್ಕೆ, ಸುತ್ತು ಹಾಕಿದಳು.

“ಏನಂದ ಅವನು?” ಎಂದು ಕೇಳಿದಳು ಅಂಬಿಗಿತ್ತಿ.

ದುಭಾಷಿ ನೀರು ನೋಡುತ್ತ ತಗ್ಗಿದ ದನಿಯಲ್ಲಿ ಹೇಳಿದ: “ಇವಳಿಗೆ ಹತ್ತು ಅಂತ ಹೇಳಕ್ಕೆ ಬರಲ್ಲ, ಹತ್ತರಲ್ಲಿರೋ ಸೊನ್ನೆ ಮಾತ್ರ ಗೊತ್ತು ಅಂದ್ರು.”

“ನಾನು ಇಷ್ಟುದ್ದ ಹೇಳಿದ್ನಲ್ಲ. ಅದು?”

“ಹೊಟ್ಟೆಪಾಡು ಕಣಮ್ಮ ನಂದೂ.”

ಅಂಬಿಗಿತ್ತಿ ಎಡಗೈಯ ಹುಟ್ಟನ್ನು ನೀರಲ್ಲಿ ಆಳವಾಗಿ ಊರಿ ಹಿಡಿದು, ಬಲಗೈಯದನ್ನು ಎರಡು ಸಲ ಬಲವಾಗಿ ಎಳೆದಳು. ಕುರ್ಚಿ ಹಾಕಿದ್ದ ಕಡೆ ಹೋಗುತ್ತಿದ್ದ ದೋಣಿಯ ಮೂತಿ ಸೇತುವೆಯ ಕೊನೆಯ ಕಂಬದತ್ತ ತಿರುಗಿತು.

“ಏಯ್, ಎಲ್ಲಿಗೆ? ದೋಣಿಗಟ್ಟೆ ಆ ಕಡೆ,” ಎಂದ ಎಂಜಿನಿಯರ್.

“ಈ ಕಡೆ ಸೆಳವಿದೆ.”

“ತಿರುಗಿಸೇ, ಹಡಬೆ.” ಅವನು ಎದ್ದು ನಿಂತ. ದೋಣಿ ವಾಲಿ ಬ್ಯಾಂಕಿನಮ್ಮ ಕಿರುಚಿದಳು. ಅವನು ಮತ್ತೆ ಕೂತ. ನೀರಿನ ಮೇಲೆ ಅವನ ಬೂಟಿಗೆ ಬೆಲೆ ಇರಲಿಲ್ಲ.

ಸೇತುವೆಯ ನೆರಳಿಗೆ ದೋಣಿ ಬಂದಾಗ ನೀಲಿ ಟಾರ್ಪಾಲಿನ ಒಳಮೈ ಕಾಣಿಸಿತು. ಏಣಿಯ ಮೇಲೆ ಜನರಿದ್ದರು. ಚಪ್ಪಲಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಪುಸ್ತಕದ ಚೀಲವನ್ನು ಕತ್ತಿಗೆ ಹಾಕಿಕೊಂಡು ಶಾಲೆಯ ಟೀಚರಮ್ಮ ಇಳಿಯುತ್ತಿದ್ದಳು. ಅವಳ ಮೇಲೆ ಕಣ್ಣು ಮುಚ್ಚಿಕೊಂಡೇ ಒಬ್ಬ ಮುದುಕಿ. ಮುದುಕಿಯ ಹಿಮ್ಮಡಿಯನ್ನು ಟೀಚರಮ್ಮ ಒಂದೊಂದಾಗಿ ಹಿಡಿದು ಕೆಳಗಿನ ಮೆಟ್ಟಿಲಿಗೆ ಇಡಿಸುತ್ತಿದ್ದಳು. ಕೆಳಗೆ ಕೆಸರಿನಲ್ಲಿ ಹದಿನಾಲ್ಕು ಮಂದಿ ಮೂಟೆ, ಬುಟ್ಟಿ, ಕೈಗೂಸುಗಳ ಜೊತೆ ಹತ್ತಲು ಕಾಯುತ್ತಿದ್ದರು.

“ಇದನ್ನ ಯಾರೂ ಭಾಷಾಂತರ ಮಾಡ್ಬೇಕಾಗಿಲ್ಲ,” ಎಂದಳು ಅಂಬಿಗಿತ್ತಿ.

ಬ್ಯಾಂಕಿನಮ್ಮ ಬಾಯಿ ತೆರೆದು ನೋಡಿದಳು. ಬಹಳ ಹೊತ್ತು ನೋಡಿದಳು. ಎಂಜಿನಿಯರ್ ಬೆವರೊರೆಸಿಕೊಂಡು ಮಾತಾಡಿದ, ಕೈ ಆಡಿಸಿ ಮಾತಾಡಿದ. ಅವಳು ನಿಧಾನವಾಗಿ ತಲೆಯಾಡಿಸಿದಳು. ಫೋನಿನಲ್ಲಿ ಏಣಿಯ ಚಿತ್ರ ಹಿಡಿದು, ಕಾಗದದ ತಳದಲ್ಲಿ ಒಂದು ಸಾಲು ಬರೆದಳು.

“ಈಗೇನಂದ?”

“ಇದು ಜನ ತಾವೇ ಮುಂದೆ ಬಂದು ಮಾಡ್ಕೊಂಡಿರೋ ವ್ಯವಸ್ಥೆ, ಊರಿನವರ ಜಾಣತನ ಅಂದ್ರು,” ಎಂದ ದುಭಾಷಿ. “ಮೇಡಂಗೆ ಮೆಚ್ಚುಗೆಯಾಯ್ತು. ‘ಇತರೆ’ ಅನ್ನೋ ಕಡೆ ಬರ್ಕೊಂಡ್ರು.”

ಅಂಬಿಗಿತ್ತಿ ದೋಣಿಯನ್ನು ಕೆಸರಿಗೆ ತಾಗಿಸಿದಳು. “ಇಳೀರಿ,” ಎಂದಳು.

ಇಳಿಯುವುದೇ ಒಳ್ಳೆಯದು ಎನಿಸಿತೇನೋ, ದುಭಾಷಿ ಮೊದಲು ಇಳಿದ. ಬ್ಯಾಂಕಿನಮ್ಮ ಏಣಿಯನ್ನು ಹತ್ತಿರದಿಂದ ನೋಡುವ ಆಸೆಯಿಂದ ತಾನಾಗಿಯೇ ಇಳಿದಳು. ಎಂಜಿನಿಯರ್ ಅವಳ ಹಿಂದೆ ಕಾಲಿಟ್ಟ. ಬೂಟುಗಾಲು ಮೊಣಕಾಲಿನ ತನಕ ಹೂತಿತು. ಅವನು ಅದನ್ನು ಕೀಳುವಷ್ಟರಲ್ಲಿ ಅಂಬಿಗಿತ್ತಿ ಹುಟ್ಟಿನಿಂದ ದಡವನ್ನು ನೂಕಿ ದೋಣಿಯನ್ನು ನೀರಿಗೆ ಬಿಟ್ಟಿದ್ದಳು.

“ಲೇ, ನಮ್ಮನ್ನ ವಾಪಸ್ ಯಾರೇ ಕರ್ಕೊಂಡು ಹೋಗೋದು?”

“ದೋಣಿ ನಿಷೇಧ ಅಲ್ವಾ ಸಾಹೇಬ್ರೇ. ಸೇತುವೆ ಇದೆ, ಹತ್ತಿ. ಒಂಬತ್ತು ಕೊಟ್ಟಿದೀನಿ.”

ಕೆಸರಿನಲ್ಲಿ ನಿಂತ ಜನ ನಗಲಿಲ್ಲ. ಅವರು ದೋಣಿಯನ್ನು ನೋಡುತ್ತಿದ್ದರು. ಮೂಟೆ ಹೊತ್ತ ಬಡಗಿಯೊಬ್ಬ ನೀರಿನ ಅಂಚಿಗೆ ಬಂದು ಮೆಲ್ಲಗೆ ಕೇಳಿದ, “ಅಕ್ಕಾ, ದೋಣಿ ಮತ್ತೆ ಬಿಟ್ಟೆಯಾ?”

“ಬಿಟ್ಟೆ. ಹತ್ತಿ. ಸೋರುತ್ತೆ, ಮೊಗೆಯೋರು ಮುಂದೆ ಕೂತ್ಕೊಳ್ಳಿ.”

ಹದಿನಾಲ್ಕು ಮಂದಿಯೂ ಮೊಣಕಾಲು ನೀರಿಗಿಳಿದು ಹತ್ತಿದರು. ಎಂಜಿನಿಯರ್ ಫೋನಿನಲ್ಲಿ ಕೂಗುತ್ತಿದ್ದ: “ಜೀಪ್ ಕಳಿಸ್ರೋ, ಪೊಲೀಸ್ ಕಳಿಸ್ರೋ, ಕಚೇರಿ ಕಡೆ ದೋಣಿಗಟ್ಟೆಗೆ.” ಹೊಳೆಯ ಮಧ್ಯದಿಂದ ಹಿಂದೆ ನೋಡಿದಾಗ ಬ್ಯಾಂಕಿನಮ್ಮ ಏಳನೇ ಮೆಟ್ಟಿಲನ್ನು ತಬ್ಬಿಕೊಂಡಿದ್ದಳು. ಟೀಚರಮ್ಮ ಕೆಳಗಿನಿಂದ ಅವಳ ಹಿಮ್ಮಡಿ ಹಿಡಿದಿದ್ದಳು.

ಈಚೆ ದಡಕ್ಕೆ ಇನ್ನೂ ಐವತ್ತು ಮಾರು ಇರುವಾಗ ಜೀಪು ಕಾಣಿಸಿತು. ನಾಲ್ಕು ಪೊಲೀಸರು, ಕೊಡಲಿ ಹಿಡಿದ ಇಬ್ಬರು ಆಳುಗಳು. ಅಂಬಿಗಿತ್ತಿಯ ಕೈ ನಿಂತಿತು.

“ಏನ್ ಮಾಡ್ಲಿ?” ಎಂದು ದೋಣಿಯವರನ್ನು ಕೇಳಿದಳು. ಆ ದಿನ ಅವಳಾಗಿ ಬೇರೆಯವರ ಅಭಿಪ್ರಾಯ ಕೇಳಿದ್ದು ಅದೊಂದೇ ಸಲ.

ಕೂಸನ್ನು ಮಡಿಲಲ್ಲಿಟ್ಟುಕೊಂಡಿದ್ದವಳು ಡಬ್ಬದಿಂದ ನೀರು ಮೊಗೆದು ಹಾಕುತ್ತ ಹೇಳಿದಳು, “ನಡಿ ಅಕ್ಕಾ. ದಡಕ್ಕೆ ಹಚ್ಚು.”

ಹಚ್ಚಿದಳು. ದೋಣಿಯ ಮೂತಿ ಮರಳಿಗೆ ಕಚ್ಚಿಕೊಂಡಿತು.

“ಇಳೀರೋ ಎಲ್ಲಾ,” ಎಂದ ಪೊಲೀಸ. “ದೋಣಿ ಒಡೀಬೇಕು. ಬೇಗ.”

ಬಡಗಿ ತನ್ನ ಮೂಟೆಯನ್ನು ಕಾಲ ಬಳಿ ಸರಿಯಾಗಿ ಇಟ್ಟುಕೊಂಡ. ಕೂಸಿನ ತಾಯಿ ಸೆರಗು ಹೊದಿಸಿ ಹಾಲೂಡಿಸತೊಡಗಿದಳು. ಅಂಬಿಗಿತ್ತಿ ಎರಡೂ ಹುಟ್ಟನ್ನು ಒಳಗೆಳೆದುಕೊಂಡು ತೊಡೆಯ ಮೇಲೆ ಅಡ್ಡ ಇಟ್ಟಳು. ಹಲಗೆಯ ಸಂದಿಯಿಂದ ನೀರು ಜಿನುಗುತ್ತಲೇ ಇತ್ತು. ಮುಂದೆ ಕೂತವರು ಸದ್ದಿಲ್ಲದೆ ಮೊಗೆಯುತ್ತಿದ್ದರು.

“ಕಿವಿ ಕೇಳಲ್ವೇನ್ರೋ? ಇಳೀರಿ ಅಂದ್ನಲ್ಲ.”

ಕೊಡಲಿಯವರು ಪೊಲೀಸನ ಮುಖ ನೋಡಿದರು. ಪೊಲೀಸ ಆಚೆ ದಡ ನೋಡಿದ. ದೋಣಿಯಿಂದ ಯಾರೂ ಇಳಿಯಲಿಲ್ಲ.